ಏರೋಸ್ಮಿತ್ ಕೇಳೋದು ಹೇಗೆ, ಯಾವ ಆಲ್ಬಮ್ಮಿಂದ ಶುರು ಮಾಡೋದು

ಏರೋಸ್ಮಿತ್ ಅಂದ ತಕ್ಷಣ ತುಂಬಾ ಜನರಿಗೆ ನೆನಪಾಗೋದು ಒಂದೇ ಹಾಡು, 1998ರ 'ಆರ್ಮಗೆಡನ್' ಸಿನಿಮಾದ್ದು, 'ಐ ಡೋಂಟ್ ವಾಂಟ್ ಟು ಮಿಸ್ ಎ ಥಿಂಗ್'. ಅದು ಇಷ್ಟ ಆಯ್ತು ಅಂತ ಮೊಬೈಲಲ್ಲಿ ಬ್ಯಾಂಡ್ ಹೆಸರು ಹುಡುಕಿ ಟಾಪ್ ಹಾಡುಗಳ ಲಿಸ್ಟ್ ಹಾಕಿದ್ರೆ ಮುಂದಿನ ಹಾಡು 1975ರದ್ದು ಬರುತ್ತೆ, ಅದಾದ್ಮೇಲೆ 1993ರದ್ದು, ಆಮೇಲೆ 1973ರದ್ದು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧನೇ ಇಲ್ಲವಲ್ಲ ಅನ್ಸಿ ನಾಲ್ಕನೇ ಹಾಡಿಗೆ ಬೇಜಾರಾಗಿ ಬಿಟ್ಟುಬಿಡ್ತೀರ. ಹಾಗಾಗಬಾರದು ಅಂತ ಇದನ್ನ ಬರೀತಿದೀನಿ. ಈ ಬ್ಯಾಂಡಿಗೆ ಎರಡು ಜನ್ಮ ಇದೆ, ಎಪ್ಪತ್ತರ ದಶಕದ್ದು ಒಂದು, 1987ರಿಂದ ಆಚೆಗಿಂದು ಇನ್ನೊಂದು. ಎರಡನ್ನೂ ಕಲಸಿ ಕೇಳಿದ್ರೆ ಯಾವುದೂ ರುಚಿಸಲ್ಲ, ಸರಿಯಾದ ವರಸೆಯಲ್ಲಿ ಕೇಳಿದ್ರೆ ಎರಡೂ ಹಿಡಿಸುತ್ತೆ.

ಮೊದಲು ಶಫಲ್ ಆಫ್ ಮಾಡಿ. ಆಮೇಲೆ ಇನ್ನೊಂದು ಮಾತು, ಇದೇ ಮುಖ್ಯ: ಗಿಟಾರ್ ಕಡೆ ಕಿವಿ ಕೊಡೋದನ್ನ ಸ್ವಲ್ಪ ಹೊತ್ತು ಬಿಟ್ಟು ಡ್ರಮ್ ಕಡೆ ಕೊಡಿ. ಹಾರ್ಡ್ ರಾಕ್ ಅಂದ್ರೆ ಗಿಟಾರ್ ಅಂತ ಎಲ್ಲರೂ ಸೋಲೋಗೆ (ಗಿಟಾರ್ ಒಂದೇ ಮೆರೆಯೋ ಜಾಗ) ಕಾಯ್ತಾ ಕೂತಿರ್ತಾರೆ, ಈ ಬ್ಯಾಂಡಲ್ಲಿ ಹಾಗೆ ಕಾದ್ರೆ ಅರ್ಧ ಮಜಾ ಹೋಯ್ತು. ಯಾಕಂದ್ರೆ ಹಾಡೋ ಸ್ಟೀವನ್ ಟೈಲರ್ ಮೂಲತಃ ಡ್ರಮ್ಮರ್, ಹಾಡುಗಾರ ಆಗಿದ್ದು ಆಮೇಲೆ. ಡ್ರಮ್ಸಲ್ಲಿ ಕೂತಿರೋ ಜೋಯಿ ಕ್ರೇಮರ್ ಇದಕ್ಕೆ ಮುಂಚೆ ಸೋಲ್ ಮ್ಯೂಸಿಕ್ ಬ್ಯಾಂಡುಗಳಲ್ಲಿ ಬಾರಿಸಿದವನು. ಶುರುವಿನ ದಿನಗಳಲ್ಲಿ ಇವರು ಸ್ಟೇಜ್ ಮೇಲೆ ಫಂಕ್ ಹಾಡುಗಾರ ಜೇಮ್ಸ್ ಬ್ರೌನ್ ಹಾಡು ಬಾರಿಸ್ತಿದ್ರು. ಅಂದ್ರೆ ಹೊರಗೆ ಹಾರ್ಡ್ ರಾಕ್, ಒಳಗೆ ಫಂಕ್, ರಾಗಕ್ಕಿಂತ ತಾಳವೇ ಮುಂದಿರೋ ಕುಣಿಸೋ ಸಂಗೀತ. ಟೈಲರ್ ಹಾಡೋದನ್ನ ಗಮನಿಸಿ, ಪದಗಳನ್ನ ಎಳೆಯೋದಕ್ಕಿಂತ ಹೆಚ್ಚಾಗಿ ಬಡಿತಾನೆ, ಒಂದೊಂದು ಅಕ್ಷರನೂ ತಾಳದ ಮೇಲೆ ಟಕ್ ಟಕ್ ಅಂತ ಬೀಳುತ್ತೆ. ಇದು ಒಂದು ಸಲ ಕಿವಿಗೆ ಸಿಕ್ಕಿದ್ರೆ 1973ರ ಹಾಡಿಗೂ 1989ರ ಹಾಡಿಗೂ ನಂಟು ಏನು ಅಂತ ತಾನಾಗೇ ಗೊತ್ತಾಗುತ್ತೆ.

ಯಾರ್‍ಯಾರು ಅಂತ ಚುಟುಕಾಗಿ ಹೇಳ್ಬಿಡ್ತೀನಿ. 1970ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಬ್ಯಾಂಡ್ ಇದು. ಜೋ ಪೆರ್ರಿ ಗಿಟಾರ್, ಟಾಮ್ ಹ್ಯಾಮಿಲ್ಟನ್ ಬೇಸ್ (ಕೆಳಗಿನ ದಪ್ಪ ಸ್ವರದ ಗಿಟಾರ್), ಇವರಿಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಸುನಾಪೀ ಅನ್ನೋ ಕೆರೆ ಊರಲ್ಲಿ ಸಣ್ಣ ಬ್ಯಾಂಡ್ ಮಾಡ್ಕೊಂಡಿದ್ರು, ಟೈಲರ್ ಮನೆಯವರ ಲಾಡ್ಜ್ ಕೂಡ ಅಲ್ಲೇ ಇತ್ತು, ಹಾಗಾಗಿ ಪರಿಚಯ. ಕ್ರೇಮರ್ ಬಾಸ್ಟನ್ನಿನ ಬರ್ಕ್ಲೀ ಮ್ಯೂಸಿಕ್ ಕಾಲೇಜ್ ಬಿಟ್ಟು ಬಂದು ಸೇರ್ಕೊಂಡ, ಏರೋಸ್ಮಿತ್ ಅನ್ನೋ ಹೆಸರು ಕೊಟ್ಟಿದ್ದೂ ಅವನೇ, ಸ್ಕೂಲ್ ದಿನಗಳಲ್ಲಿ ನೋಟ್‌ಬುಕ್ ಮೇಲೆಲ್ಲ ಅದನ್ನೇ ಗೀಚ್ತಿದ್ನಂತೆ. ಎರಡನೇ ಗಿಟಾರಿಗೆ ಮೊದಲು ರೇ ಟಬಾನೋ ಇದ್ದ, 1971ರಲ್ಲಿ ಅವನ ಜಾಗಕ್ಕೆ ಬ್ರ್ಯಾಡ್ ವಿಟ್‌ಫೋರ್ಡ್ ಬಂದ. ಎಲ್ಲರೂ ಕಾಮನ್‌ವೆಲ್ತ್ ಅವೆನ್ಯೂದ 1325ನೇ ನಂಬರ್ ಬಿಲ್ಡಿಂಗಲ್ಲಿ ಒಂದೇ ಮನೆಯಲ್ಲಿ ಇದ್ಕೊಂಡು ಪ್ರಾಕ್ಟೀಸ್ ಮಾಡಿದವರು. ವಿಟ್‌ಫೋರ್ಡ್ ಹೆಸರನ್ನ ಮರೀಬೇಡಿ, ಜನ ಅವನನ್ನ ಮರೀತಾರೆ, ಮುಂದೆ ಬೇಕಾಗ್ತಾನೆ.

ಈಗ ಶುರು. ಮೊದಲ ಆಲ್ಬಮ್ಮಿಂದ ಬೇಡ, ಮೂರನೇದರಿಂದ. 'ಟಾಯ್ಸ್ ಇನ್ ದ ಆಟಿಕ್', 1975, ಒಂಬತ್ತು ಹಾಡು, ಒಟ್ಟು 37 ನಿಮಿಷ. ಹೆಡ್‌ಫೋನ್ ಹಾಕ್ಕೊಳ್ಳಿ, ಫೋನ್ ಸ್ಪೀಕರಲ್ಲಿ ಬೇಸ್ ಕೇಳಿಸೋದೇ ಇಲ್ಲ. ಮೊದಲ ಸಲ ಪೂರ್ತಿ ಆಲ್ಬಮ್ ಸುಮ್ನೆ ಹರಿಯೋಕೆ ಬಿಡಿ, ಆಮೇಲೆ ವಾಪಸ್ ಬಂದು 'ವಾಕ್ ದಿಸ್ ವೇ' ಒಂದನ್ನೇ ಹಾಕಿ. ಹಾಡು ಶುರುವಾಗೋದೇ ಬರೀ ಡ್ರಮ್ಮಿಂದ. ಅಲ್ಲೇ ಒಂದು ಸಲ ನಿಲ್ಸಿ, ಮತ್ತೆ ಮೊದಲಿಂದ ಹಾಕಿ, ಕಾಲಲ್ಲಿ ತಾಳ ಹಾಕಿ. ಆಮೇಲೆ ಗಿಟಾರ್ ರಿಫ್ ಬರುತ್ತೆ, ರಿಫ್ ಅಂದ್ರೆ ಮತ್ತೆ ಮತ್ತೆ ಬರೋ ಸ್ವರದ ಸಾಲು, ಇದು ಎ ತಂತಿಯ ಮೇಲೆ ಒಂದೊಂದೇ ಫ್ರೆಟ್ ಹತ್ಕೊಂಡು ಹೋಗೋ ಸಣ್ಣ ಪೀಸು, ಗಿಟಾರ್ ಕಲೀತಿರೋರು ಮೊದಲ ತಿಂಗಳಲ್ಲೇ ಬೆರಳು ಹೊಂದಿಸಬಹುದು, ಆದ್ರೆ ಆ ಲಯ ಕೈಗೆ ಬರೋಕೆ ವರ್ಷ ಬೇಕು. ಪೆರ್ರಿ ಆ ಸಮಯದಲ್ಲಿ ನ್ಯೂ ಆರ್ಲಿಯನ್ಸ್‌ನ ಮೀಟರ್ಸ್ ಅನ್ನೋ ಫಂಕ್ ಬ್ಯಾಂಡ್ ಕೇಳ್ತಿದ್ದ, 1974ರ ಕೊನೆಗೆ ಹೊನೊಲುಲುವಲ್ಲಿ ಶೋಗೆ ಮುಂಚೆ ಸೌಂಡ್‌ಚೆಕ್ ಮಾಡುವಾಗ ಕ್ರೇಮರಿಗೆ ಒಂದು ಬೀಟ್ ಹಿಡಿ ಅಂತ ಹೇಳಿ ಅದರ ಮೇಲೆ ಕಟ್ಟಿದ ರಿಫ್ ಇದು. ಅಂದ್ರೆ ಇಲ್ಲಿ ಬೀಟ್ ಮೊದಲು, ರಿಫ್ ಆಮೇಲೆ.

ಚರಣಕ್ಕೆ ಬಂದಾಗ ಗಿಟಾರ್ ಇದ್ದಕ್ಕಿದ್ದಂತೆ ಹಿಂದೆ ಸರಿದು ಚುಕ್ಕಿ ಚುಕ್ಕಿಯಾಗಿ ಬೀಳುತ್ತೆ, ಟೈಲರ್ ಬಾಯಿ ಮುಂದೆ ಬರುತ್ತೆ. ಪದ ಅರ್ಥ ಆಗ್ಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡಿ, ಮೊದಲ ಸಲ ಯಾರಿಗೂ ಆಗಲ್ಲ. ಅವನು ಮೊದಲು ಬರೆದ ಸಾಹಿತ್ಯವನ್ನ ಟ್ಯಾಕ್ಸಿಯಲ್ಲಿ ಬಿಟ್ಟು ಬಂದ, ಆಮೇಲೆ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋ ಮೆಟ್ಟಿಲ ಹತ್ರ ಕೂತು ಗೋಡೆ ಮೇಲೆ ಮತ್ತೆ ಬರೆದ ಅನ್ನೋ ಕಥೆ ಬ್ಯಾಂಡಿನವರೇ ಹೇಳ್ಕೊಂಡು ಬಂದಿದಾರೆ. ಹಾಡಿನ ಹೆಸರು ಬಂದಿದ್ದು 'ಯಂಗ್ ಫ್ರಾಂಕನ್‌ಸ್ಟೈನ್' ಅನ್ನೋ ಕಾಮಿಡಿ ಸಿನಿಮಾದ ಒಂದು ತಮಾಷೆಯಿಂದ. ವಿಷಯ ಏನು ಅಂದ್ರೆ ಹೈಸ್ಕೂಲ್ ಹುಡುಗನ ಮೊದಲ ಪೋಲಿ ಅನುಭವ, ಅಷ್ಟೇ, ಆಳವಾದ ಕಾವ್ಯ ಹುಡುಕಬೇಡಿ. ಈ ಬ್ಯಾಂಡಿನ ಎಪ್ಪತ್ತರ ಸಾಹಿತ್ಯದಲ್ಲಿ ಅರ್ಧಕ್ಕರ್ಧ ಇದೇ ತರ ದ್ವಂದ್ವಾರ್ಥ, ಕೆಲವು ಇವತ್ತು ಕೇಳಿದ್ರೆ ಮುಜುಗರ ಆಗುತ್ತೆ, ಅದನ್ನ ಮೊದಲೇ ಹೇಳಿಬಿಡೋದು ವಾಸಿ. ಅದೇ ಆಲ್ಬಮ್ಮಲ್ಲಿ 'ಬಿಗ್ ಟೆನ್ ಇಂಚ್ ರೆಕಾರ್ಡ್' ಅಂತ ಐವತ್ತರ ದಶಕದ ಹಳೇ ಬ್ಲೂಸ್ ಹಾಡನ್ನ ಇವರು ಮತ್ತೆ ಹಾಡಿದಾರೆ, ಹೆಸರು ನೋಡಿದ್ರೇ ಗೊತ್ತಾಗುತ್ತೆ ಯಾವ ತರದ್ದು ಅಂತ.

ಮುಂದೆ 'ಸ್ವೀಟ್ ಎಮೋಷನ್'. ಇದನ್ನ ಕಡಿಮೆ ಅಂದ್ರೂ ಮೂರು ಸಲ ಕೇಳ್ಬೇಕು, ಪ್ರತೀ ಸಲ ಬೇರೆ ವಾದ್ಯದ ಮೇಲೆ ಗಮನ ಇಟ್ಟು. ಮೊದಲ ಸಲ ಬೇಸ್: ಶುರುವಲ್ಲೇ ಕೇಳಿಸೋ ಆ ಮೆಲ್ಲಗೆ ತೆವಳೋ ಸಾಲು ಟಾಮ್ ಹ್ಯಾಮಿಲ್ಟನ್ ಕಟ್ಟಿದ್ದು, ಇಡೀ ಹಾಡಿನ ಅಡಿಪಾಯನೇ ಅದು. ಎರಡನೇ ಸಲ ಸುತ್ತಮುತ್ತಲಿನ ಸಣ್ಣ ಸದ್ದುಗಳು: ಟರ್‍ರ್ ಅಂತ ಹಲ್ಲು ಕಡಿಯೋ ತರ ಒಂದು ಸದ್ದು ಬರುತ್ತಲ್ಲ ಅದು ವೈಬ್ರಾಸ್ಲ್ಯಾಪ್ ಅನ್ನೋ ತಾಳವಾದ್ಯ, ಗಿಟಾರೇ ಬಾಯಿ ತೆಗೆದು ಮಾತಾಡ್ದಂಗೆ ಕೇಳೋದು ಟಾಕ್ ಬಾಕ್ಸ್, ಗಿಟಾರಿನ ಸದ್ದನ್ನ ಪ್ಲಾಸ್ಟಿಕ್ ಟ್ಯೂಬಲ್ಲಿ ಬಾಯಿಗೆ ತಂದು ಬಾಯಿ ಆಕಾರ ಬದಲಿಸ್ತಾ ಮೈಕಿಗೆ ಬಿಡೋದು. ಬೇಸ್ ಜೊತೆ ಅಂಟ್ಕೊಂಡು ಒಂದು ಮರದ ಸದ್ದೂ ಇದೆ, ಬೇಸ್ ಮರಿಂಬಾ, ಹೆಡ್‌ಫೋನ್ ಇಲ್ದಿದ್ರೆ ಸಿಗಲ್ಲ. ಮೂರನೇ ಸಲ ಹಾಡಿನ ಕಟ್ಟಡ ನೋಡಿ: ಪಲ್ಲವಿ ಮೊದಲೇ ಬಂದುಬಿಡುತ್ತೆ, ನಿಧಾನಕ್ಕೆ, ತೇಲ್ತಾ, ಆಮೇಲೆ ಧಡ್ ಅಂತ ರಿಫ್ ಬೀಳುತ್ತೆ, ಕೊನೆಗೆ ಗಿಟಾರ್ ಕಿತ್ಕೊಂಡು ಓಡುತ್ತೆ. ಒಂದು ಎಚ್ಚರಿಕೆ, 1980ರಲ್ಲಿ ಬಂದ 'ಗ್ರೇಟೆಸ್ಟ್ ಹಿಟ್ಸ್' ಅಮೆರಿಕದಲ್ಲೇ 1 ಕೋಟಿಗಿಂತ ಹೆಚ್ಚು ಮಾರಾಟ ಆಗಿರೋದು ನಿಜ, ಆದ್ರೆ ಅದರಲ್ಲಿರೋ 'ಸ್ವೀಟ್ ಎಮೋಷನ್' ಸಿಂಗಲ್‌ಗೆ, ಅಂದ್ರೆ ಬಿಡಿ ಹಾಡಾಗಿ ಬಿಡೋಕೆ ಅಂತ ಕತ್ತರಿಸಿದ್ದು. ಆಲ್ಬಮ್ ವರ್ಶನ್ನೇ ಕೇಳಿ, ಕತ್ತರಿಸಿದ್ದರಲ್ಲಿ ಏನಿದೆ.

ಆಲ್ಬಮ್ಮಿನ ಕೊನೆ ಹಾಡು 'ಯು ಸೀ ಮಿ ಕ್ರೈಯಿಂಗ್', ಆರ್ಕೆಸ್ಟ್ರಾ ಇರೋ ದೊಡ್ಡ ಬ್ಯಾಲಡ್, ಅಂದ್ರೆ ನಿಧಾನದ ಭಾವುಕ ಹಾಡು. 1984ರಲ್ಲಿ ಟೈಲರ್ ಇದನ್ನ ರೇಡಿಯೋದಲ್ಲಿ ಕೇಳಿ, ಚೆನ್ನಾಗಿದೆಯಲ್ಲ ನಾವೂ ಇದನ್ನ ಹಾಡೋಣ ಅಂದ, ಪೆರ್ರಿ ಇದು ನಮ್ದೇ ಹಾಡು ಮಾರಾಯ ಅಂತ ಬೈದ ಅನ್ನೋದು ಈ ಬ್ಯಾಂಡ್ ಬಗ್ಗೆ ಎಲ್ಲರೂ ಹೇಳೋ ಕಥೆ. ಡ್ರಗ್ಸ್ ಎಷ್ಟರ ಮಟ್ಟಿಗೆ ತಲೆಗೆ ಹೋಗಿತ್ತು ಅಂತ ಅದರಲ್ಲೇ ಲೆಕ್ಕ ಹಾಕ್ಕೊಳ್ಳಿ.

ಎರಡನೇದಾಗಿ ಕೇಳಬೇಕಾದ ಆಲ್ಬಮ್ 'ರಾಕ್ಸ್', 1976. ನನ್ನ ಕೇಳಿದ್ರೆ ಇವರ ಅತ್ಯುತ್ತಮ ಆಲ್ಬಮ್ ಇದೇ, ಇದರ ಬಗ್ಗೆ ಜಗಳ ಆಡೋಕೂ ರೆಡಿ. ಮೂವತ್ನಾಲ್ಕೂವರೆ ನಿಮಿಷದಲ್ಲಿ ಮುಗಿದೋಗುತ್ತೆ, ಒಂದು ಹಾಡೂ ದಂಡ ಇಲ್ಲ. ಹೆಚ್ಚಿನ ಭಾಗ ರೆಕಾರ್ಡ್ ಆಗಿದ್ದು ಬಾಸ್ಟನ್ ಹತ್ರ ವಾಲ್ಥಮ್‌ನಲ್ಲಿ ಇವರದ್ದೇ ಪ್ರಾಕ್ಟೀಸ್ ಜಾಗದಲ್ಲಿ, ಹೊರಗೆ ರೆಕಾರ್ಡಿಂಗ್ ಟ್ರಕ್ ನಿಲ್ಸಿ, ಒಳಗೆ ಐದೂ ಜನ ಒಟ್ಟಿಗೆ ಬಾರಿಸಿ. ಅದಕ್ಕೇ ಸದ್ದು ಅಷ್ಟು ಒರಟು, ಅಷ್ಟು ಹತ್ತಿರ. ಪ್ರೊಡ್ಯೂಸರ್ ಜ್ಯಾಕ್ ಡಗ್ಲಸ್, 1974ರಿಂದ 1977ರವರೆಗಿನ ಆಲ್ಬಮ್ಮುಗಳೆಲ್ಲ ಅವನ ಕೈಲಿ ಆಗಿದ್ದು, ಬ್ಯಾಂಡಿನ ಆರನೇ ಆಸಾಮಿ ಅಂತಾನೇ ಅನ್ನಬಹುದು.

ವಿಟ್‌ಫೋರ್ಡ್ ಬೇಕಾಗ್ತಾನೆ ಅಂದಿದ್ನಲ್ಲ, ಇಲ್ಲಿ. 'ಬ್ಯಾಕ್ ಇನ್ ದ ಸ್ಯಾಡಲ್' ಹಾಕಿ. ಆ ಕೆಳಗೆ ಗುರ್ ಅನ್ನೋ ರಿಫ್ ಸಾಮಾನ್ಯ ಗಿಟಾರ್ ಅಲ್ಲ, ಪೆರ್ರಿ ಆರು ತಂತಿಯ ಬೇಸ್ ಹಿಡ್ಕೊಂಡು ಬಾರಿಸಿರೋದು, ಮೇಲಿನ ಲೀಡ್ ಗಿಟಾರ್ ವಿಟ್‌ಫೋರ್ಡಿಂದು. ಹಾಗೇ 'ಲಾಸ್ಟ್ ಚೈಲ್ಡ್', ಮೆಲ್ಲಗೆ ಶೋಕಗೀತೆ ತರ ಶುರುವಾಗಿ ಕೆಲವೇ ಸೆಕೆಂಡಲ್ಲಿ ಗಿರಕ್ ಅಂತ ತಿರುಗಿ ಫಂಕ್ ಆಗಿಬಿಡುತ್ತೆ, ಅದರ ರಿಫ್ಫೂ ಸೋಲೋನೂ ವಿಟ್‌ಫೋರ್ಡಿಂದೇ. ಭೂಕಂಪದ ಬಗ್ಗೆ ಇರೋ 'ನೋಬಡೀಸ್ ಫಾಲ್ಟ್' ಕೂಡ ಅವನು ಟೈಲರ್ ಜೊತೆ ಸೇರಿ ಮಾಡಿದ್ದು, ಎಪ್ಪತ್ತರಲ್ಲಿ ಇವರು ಬಾರಿಸಿದ ಅತೀ ಭಾರದ ಹಾಡು ಅದು. ಪ್ರಾಕ್ಟೀಸಿಗೆ ಒಂದು ಕೆಲಸ ಮಾಡಿ, ಹೆಡ್‌ಫೋನಿನ ಒಂದು ಕಿವಿ ತೆಗೆದು ಒಂದು ಸಲ ಕೇಳಿ, ಇನ್ನೊಂದು ಕಿವಿ ತೆಗೆದು ಇನ್ನೊಂದು ಸಲ. ಎರಡು ಗಿಟಾರ್ ಎರಡು ಬೇರೆ ಮಾತಾಡ್ತಿರೋದು ಗೊತ್ತಾಗುತ್ತೆ. ಪೆರ್ರಿ ಅಂದ್ರೆ ಮುನ್ನುಗ್ಗೋನು, ಸ್ವರ ಸ್ವಲ್ಪ ಜಾರಿದ್ರೂ ಪರವಾಗಿಲ್ಲ ಅನ್ನೋ ಕೈ. ವಿಟ್‌ಫೋರ್ಡ್ ಬರ್ಕ್ಲೀಯಲ್ಲಿ ಓದಿದವನು, ಅಳತೆ ಬಿಟ್ಟು ಆಚೀಚೆ ಹೋಗಲ್ಲ. ಸವಾಲ್ ಜವಾಬ್ ತರ ಒಬ್ಬರಾದ್ಮೇಲೆ ಒಬ್ಬರು ಬರೋದಿಲ್ಲ ಇವರು, ಒಟ್ಟಿಗೇ ನುಡಿಸ್ತಾ ಒಬ್ಬರ ಸಂದಿಯಲ್ಲಿ ಇನ್ನೊಬ್ಬರು ತುಂಬ್ತಾರೆ. ಗನ್ಸ್ ಆ್ಯಂಡ್ ರೋಸಸ್‌ನ ಸ್ಲ್ಯಾಶ್ ಗಿಟಾರ್ ಹಿಡಿಯೋಕೆ 'ರಾಕ್ಸ್' ಆಲ್ಬಮ್ಮೇ ದೊಡ್ಡ ಕಾರಣ ಅಂತ ಅವನೇ ಹಲವು ಸಲ ಹೇಳಿದಾನೆ, ಅವರ ಬ್ಯಾಂಡಿನ ಎರಡು ಗಿಟಾರ್ ಕೇಳಿದ್ರೆ ಇದು ಎಲ್ಲಿಂದ ಬಂತು ಅಂತ ಹೇಳಿಕೊಡ್ಬೇಕಾಗಿಲ್ಲ.

ಈ ಎರಡು ಆಲ್ಬಮ್ ಕಿವಿಗೆ ಕೂತ ಮೇಲೆ ಹಿಂದಕ್ಕೆ ಹೋಗಿ. 1973ರ ಮೊದಲ ಆಲ್ಬಮ್, ಅದಕ್ಕೂ ಬ್ಯಾಂಡಿನ ಹೆಸರೇ. ಇದನ್ನ ಮೊದಲೇ ಕೇಳಿದ್ರೆ ಒಂದು ಗೊಂದಲ ಆಗುತ್ತೆ, ಅದಕ್ಕೇ ಬೇಡ ಅಂದಿದ್ದು: ಹೆಚ್ಚಿನ ಹಾಡುಗಳಲ್ಲಿ ಟೈಲರ್ ದನಿ ಟೈಲರ್ ದನಿ ತರನೇ ಇಲ್ಲ. ತನ್ನ ದನಿ ಮೇಲೆ ನಂಬಿಕೆ ಇಲ್ದೆ, ಸೋಲ್ ಗಾಯಕರ ತರ ಕೇಳ್ಲಿ ಅಂತ ದಪ್ಪ ಮಾಡ್ಕೊಂಡು ಹಾಡಿದ, ಸ್ವಂತ ದನಿ ಬಂದಿರೋದು 'ಡ್ರೀಮ್ ಆನ್' ಒಂದರಲ್ಲಿ. ಆ ಹಾಡನ್ನ ಅವನು ಬ್ಯಾಂಡಿಗೆ ಮುಂಚೆನೇ ಪಿಯಾನೋ ಮೇಲೆ ಕಟ್ಟೋಕೆ ಶುರು ಮಾಡಿದ್ದ, ಅಪ್ಪ ಶಾಸ್ತ್ರೀಯ ಪಿಯಾನೋ ವಾದಕರು, ಚಿಕ್ಕ ಹುಡುಗ ಆಗಿದ್ದಾಗ ಅಪ್ಪನ ಪಿಯಾನೋ ಕೆಳಗೆ ಕೂತು ಕೇಳಿ ಬೆಳೆದವನು. ಮೆಲ್ಲಗೆ ಶುರುವಾಗಿ ಒಂದೊಂದೇ ಮೆಟ್ಟಿಲು ಹತ್ತಿ ಕೊನೆಗೆ ಆ ಕಿರುಚಾಟಕ್ಕೆ ಬರೋ ದಾರಿ ನೋಡಿ, ಮುಂದೆ ಬಂದ ನೂರಾರು ರಾಕ್ ಬ್ಯಾಲಡ್ಡುಗಳು ಇದೇ ದಾರಿ ಹಿಡಿದವು. 1973ರಲ್ಲಿ ಸಿಂಗಲ್ ಆಗಿ ಬಂದಾಗ ಅಮೆರಿಕದ ಹಿಟ್ ಹಾಡುಗಳ ಪಟ್ಟಿಯಲ್ಲಿ 59ಕ್ಕೇ ನಿಂತೋಯ್ತು, 1976ರಲ್ಲಿ ಮತ್ತೆ ಬಿಟ್ಟಾಗ 6ಕ್ಕೆ ಏರ್ತು. ಹಾಡು ಅದೇ, ಮಧ್ಯೆ ಬ್ಯಾಂಡ್ ದೊಡ್ಡದಾಗಿತ್ತು ಅಷ್ಟೇ. 'ವಾಕ್ ದಿಸ್ ವೇ'ಗೂ ಇದೇ ಆಗಿದ್ದು, ಎರಡನೇ ಸಲ ಬಿಟ್ಟಾಗಲೇ 10ನೇ ಸ್ಥಾನಕ್ಕೆ ಹೋಗಿದ್ದು.

1974ರ 'ಗೆಟ್ ಯುವರ್ ವಿಂಗ್ಸ್' ಕೂಡ ಕೇಳಿ, ಅದರಲ್ಲಿ 'ಟ್ರೇನ್ ಕೆಪ್ಟ್ ಎ ರೋಲಿನ್' ಅನ್ನೋ ಹಳೇ ಹಾಡಿದೆ, ಅರ್ಧಕ್ಕೆ ಬಂದಾಗ ಇದ್ದಕ್ಕಿದ್ದಂತೆ ಜನರ ಗದ್ದಲ, ಲೈವ್ ಶೋ ತರ. ಮೋಸ ಹೋಗ್ಬೇಡಿ, ಅದು ಸ್ಟುಡಿಯೋದಲ್ಲಿ ಮೇಲಿಂದ ಸೇರಿಸಿದ ಗದ್ದಲ. ಅಷ್ಟೇ ಅಲ್ಲ, ಆ ಗಿಟಾರ್ ಸೋಲೋಗಳನ್ನ ಬಾರಿಸಿರೋದೂ ಪೆರ್ರಿ ವಿಟ್‌ಫೋರ್ಡ್ ಅಲ್ಲ, ಸ್ಟೀವ್ ಹಂಟರ್ ಮತ್ತು ಡಿಕ್ ವ್ಯಾಗ್ನರ್ ಅನ್ನೋ ಸ್ಟುಡಿಯೋ ವಾದಕರು. ಆಮೇಲೆ ಪೆರ್ರಿ ಇದನ್ನ ಸಾವಿರಾರು ಸಲ ಸ್ಟೇಜ್ ಮೇಲೆ ಬಾರಿಸಿ ತನ್ನದೇ ಮಾಡ್ಕೊಂಡ, ಅದು ಬೇರೆ ಮಾತು.

1977ರಿಂದ 1985ರವರೆಗಿನದನ್ನ ಹೊಸಬರು ಬೇಗ ದಾಟಬಹುದು. 'ಡ್ರಾ ದ ಲೈನ್' ಆಲ್ಬಮ್ಮನ್ನ ನ್ಯೂಯಾರ್ಕ್ ಹತ್ರ ಒಂದು ಹಳೇ ಕಾನ್ವೆಂಟಲ್ಲಿ ಮಾಡಿದ್ರು, ಸನ್ಯಾಸಿನಿಯರು ಇದ್ದ ಜಾಗದಲ್ಲಿ ಇವರು ಮಾಡಿದ್ದು ಡ್ರಗ್ಸ್ ಮತ್ತು ಬಂದೂಕು ಹಾರಿಸೋದು, ಹಾಡು ಎಲ್ಲೋ ಮಧ್ಯದಲ್ಲಿ. ಅದರಿಂದ ಅದೇ ಹೆಸರಿನ ಹಾಡು, 'ಕಿಂಗ್ಸ್ ಆ್ಯಂಡ್ ಕ್ವೀನ್ಸ್', ಎರಡು ಸಾಕು. 1979ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡ್ ಶೋ ಆದ್ಮೇಲೆ ಹೆಂಡತಿಯರ ನಡುವೆ ಜಗಳ, ಒಬ್ಬಳು ಇನ್ನೊಬ್ಬಳ ಮೇಲೆ ಹಾಲು ಎರಚಿದ್ಲು, ಅದು ದೊಡ್ಡದಾಗಿ ಪೆರ್ರಿ ಬ್ಯಾಂಡೇ ಬಿಟ್ಟು ಹೋದ. ಚೆಲ್ಲಿದ ಹಾಲಿಗೆ ಒಂದು ಬ್ಯಾಂಡ್ ಒಡೆಯೋದು ಅಂದ್ರೆ ಒಳಗೆ ಇನ್ನೆಷ್ಟು ಕೊಳೆತಿರ್ಬೇಕು. 1981ರಲ್ಲಿ ವಿಟ್‌ಫೋರ್ಡೂ ಹೋದ. ಜಿಮ್ಮಿ ಕ್ರೆಸ್ಪೋ ಬಂದು ಗಿಟಾರ್ ಹಿಡಿದ, 1982ರ ಆಲ್ಬಮ್ಮಿನ 'ಲೈಟ್ನಿಂಗ್ ಸ್ಟ್ರೈಕ್ಸ್' ಕೆಟ್ಟದೇನಲ್ಲ, ಆದ್ರೆ ಆ ಸಂದಿ ತುಂಬೋ ಆಟ ಇಲ್ಲ. 1984ರಲ್ಲಿ ಇಬ್ಬರೂ ವಾಪಸ್. ಮುಂದಿನ ವರ್ಷದ 'ಡನ್ ವಿತ್ ಮಿರರ್ಸ್' ಓಡ್ಲಿಲ್ಲ, ಮುಖಪುಟದ ಅಕ್ಷರವನ್ನೆಲ್ಲ ಕನ್ನಡಿಯಲ್ಲಿ ಓದೋ ತರ ತಿರುಗಾ ಮುರುಗಾ ಅಚ್ಚು ಹಾಕಿಸಿದ್ರು, ಅಂಗಡಿಗೆ ಬಂದೋರಿಗೆ ಯಾವ ಬ್ಯಾಂಡ್ ಅಂತಾದ್ರೂ ಗೊತ್ತಾಗ್ಬೇಕಲ್ಲ.

ಈಗ ನಡುವಿನ ಸೇತುವೆ, ಇದನ್ನ ಬಿಡಬೇಡಿ. 1986ರ ರನ್ ಡಿಎಂಸಿ ಅವರ 'ವಾಕ್ ದಿಸ್ ವೇ'. ನ್ಯೂಯಾರ್ಕಿನ ರ್‍ಯಾಪ್ ಹುಡುಗರು ಆ ಹಳೇ ರೆಕಾರ್ಡಿನ ಶುರುವಿನ ಡ್ರಮ್ ಬೀಟನ್ನ ಮಾತ್ರ ತಿರುಗಿಸಿ ತಿರುಗಿಸಿ ಹಾಕಿ ಅದರ ಮೇಲೆ ರ್‍ಯಾಪ್ ಮಾಡ್ತಿದ್ರು, ಟೈಲರ್ ದನಿ ಬರೋಕೆ ಮುಂಚೆನೇ ಸೂಜಿ ಎತ್ತಿಬಿಡ್ತಿದ್ರು, ಬ್ಯಾಂಡ್ ಯಾವುದು ಅಂತನೂ ಗೊತ್ತಿರ್ಲಿಲ್ಲ ಅವರಿಗೆ. ಪ್ರೊಡ್ಯೂಸರ್ ರಿಕ್ ರೂಬಿನ್ ಪೂರ್ತಿ ಹಾಡೇ ಮಾಡಿ ಅಂತ ಒತ್ತಾಯ ಮಾಡಿ ಟೈಲರ್ ಮತ್ತು ಪೆರ್ರಿಯನ್ನ ಕರೆಸಿದ. ಪಟ್ಟಿಯಲ್ಲಿ 4ನೇ ಸ್ಥಾನ, ಮೂಲ ಹಾಡಿಗಿಂತ ಮೇಲೆ. ಕೇಳೋ ಕ್ರಮ: 1975ರದ್ದು ಒಂದು ಸಲ, ತಕ್ಷಣ 1986ರದ್ದು. ಟೈಲರ್ ಚರಣ ಹಾಡಿದ್ದೂ ಅವರು ರ್‍ಯಾಪ್ ಮಾಡಿದ್ದೂ ಲಯದಲ್ಲಿ ಎಷ್ಟು ಹತ್ತಿರ ಅಂತ ನೋಡಿ. ಡ್ರಮ್ ಕಡೆ ಕಿವಿ ಕೊಡಿ ಅಂತ ಆಗಿಂದ ಬಡ್ಕೋತಿರೋದು ಇದಕ್ಕೇ. ವಿಡಿಯೋನೂ ನೋಡಿ, ಗೋಡೆಯ ಆಚೆ ಈಚೆ ಎರಡು ಗುಂಪು, ಟೈಲರ್ ಗೋಡೆ ಒಡ್ಕೊಂಡು ತಲೆ ತೂರಿಸೋದು.

ಎರಡನೇ ಜನ್ಮ ಇಲ್ಲಿಂದ. ಡ್ರಗ್ಸ್ ಬಿಟ್ರು, ಗೆಫನ್ ಅನ್ನೋ ರೆಕಾರ್ಡ್ ಕಂಪನಿಯ ಜಾನ್ ಕಲೋಡ್ನರ್ ಹೊರಗಿನ ಹಾಡು ಬರೆಯೋರನ್ನ ತಂದು ಕೂರಿಸಿದ, ಕೆನಡಾದ ವ್ಯಾಂಕೂವರಲ್ಲಿ ಬ್ರೂಸ್ ಫೇರ್‌ಬೇರ್ನ್ ಪ್ರೊಡ್ಯೂಸರ್. 1987ರ 'ಪರ್ಮನೆಂಟ್ ವೆಕೇಶನ್' ಕೇಳಿದ ತಕ್ಷಣ ಸದ್ದು ದೊಡ್ಡದಾಗಿ ಹೊಳಪಾಗಿ ಬೇರೆ ಬ್ಯಾಂಡೇನೋ ಅನ್ಸುತ್ತೆ. ಹಳೇ ಅಭಿಮಾನಿಗಳು ಇಲ್ಲೇ ಮೂಗು ಮುರೀತಾರೆ, ಮಾರ್ಕೊಂಡ್ರು ಅಂತ. ನಾನು ಅಷ್ಟು ಕಠಿಣ ಅಲ್ಲ. ಇದರಲ್ಲಿ 'ರ್‍ಯಾಗ್ ಡಾಲ್' ಕೇಳಿ, ಆ ತೂಗಾಡೋ ತಾಳ, ಸ್ಲೈಡ್ ಗಿಟಾರ್, ಹಿಂದೆ ಊದೋ ವಾದ್ಯಗಳು, ಪಕ್ಕಾ ಎಪ್ಪತ್ತರ ಏರೋಸ್ಮಿತ್ ಮುಖ ತೊಳ್ಕೊಂಡು ಬಂದಿದೆ ಅಷ್ಟೇ. ಆಲ್ಬಮ್ಮಿನ ದೊಡ್ಡ ಹಿಟ್ 'ಏಂಜಲ್' ಮೂರನೇ ಸ್ಥಾನಕ್ಕೆ ಹೋದ ಬ್ಯಾಲಡ್, ಮುಂದೆ ಬರೋ ಬ್ಯಾಲಡ್ ಪ್ರವಾಹಕ್ಕೆ ಮೊದಲ ಹನಿ.

1989ರ 'ಪಂಪ್' ಮಾತ್ರ ಪೂರ್ತಿ ಕೇಳ್ಬೇಕು. ಹಾಡಿನ ನಡುವೆ ಸಣ್ಣ ಸಣ್ಣ ತುಣುಕು ಇವೆ, ರ್‍ಯಾಂಡಿ ರೇನ್ ರೂಶ್ ಅನ್ನೋರು ದೇಶ ದೇಶದ ಅಪರೂಪದ ವಾದ್ಯ ತಂದು ನುಡಿಸಿದ್ದು, ಶಫಲ್ ಹಾಕಿದ್ರೆ ಅವೆಲ್ಲ ಎಲ್ಲೆಲ್ಲೋ ಹೋಗಿ ಬೀಳುತ್ತೆ. 'ಜೇನೀಸ್ ಗಾಟ್ ಎ ಗನ್'ಗೆ ಮುಂಚೆ ಗಾಜಿನ ವಾದ್ಯದ ತಣ್ಣನೆ ಸದ್ದು ಒಂದಿದೆ, ಅದನ್ನ ಬಿಟ್ಟು ಹಾಡು ಕೇಳಿದ್ರೆ ಬಾಗಿಲು ತೆಗೀದೇ ಒಳಗೆ ಬಂದಂಗೆ. ಟೈಲರ್ ಮತ್ತು ಹ್ಯಾಮಿಲ್ಟನ್ ಬರೆದ ಹಾಡು ಅದು, ಅಪ್ಪನಿಂದಲೇ ದೌರ್ಜನ್ಯಕ್ಕೆ ಒಳಗಾದ ಹುಡುಗಿಯ ಕಥೆ, ಲಿಫ್ಟಲ್ಲಿ ಪ್ರೇಮ ಅಂತೆಲ್ಲ ಹಾಡ್ತಿದ್ದ ಬ್ಯಾಂಡಿಂದ ಇದನ್ನ ಯಾರೂ ನಿರೀಕ್ಷೆ ಮಾಡಿರ್ಲಿಲ್ಲ. ಇವರಿಗೆ ಮೊದಲ ಗ್ರ್ಯಾಮಿ ಬಂದಿದ್ದು ಇದಕ್ಕೇ, ವಿಡಿಯೋ ನಿರ್ದೇಶನ ಡೇವಿಡ್ ಫಿಂಚರ್.

1993ರ 'ಗೆಟ್ ಎ ಗ್ರಿಪ್' ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಇವರ ಮೊದಲ ನಂಬರ್ 1. 'ಕ್ರೈಯಿನ್', 'ಕ್ರೇಜಿ', 'ಅಮೇಜಿಂಗ್' ಮೂರೂ ಇದರಲ್ಲೇ, ಮೂರರ ವಿಡಿಯೋದಲ್ಲೂ ಅಲಿಶಿಯಾ ಸಿಲ್ವರ್‌ಸ್ಟೋನ್, 'ಕ್ರೇಜಿ'ಯಲ್ಲಿ ಜೊತೆಗೆ ಟೈಲರ್ ಮಗಳು ಲಿವ್. ಮೂರನ್ನೂ ಬೆನ್ನಿಗೆ ಬೆನ್ನು ಕೇಳ್ಬೇಡಿ, ಒಂದೇ ಅಚ್ಚಿನವು, ಮೂರನೇದು ಬರೋ ಹೊತ್ತಿಗೆ ಪಲ್ಲವಿ ಯಾವುದರದ್ದು ಅಂತನೇ ಮರೆತೋಗುತ್ತೆ. ಒಂದು ಆರಿಸ್ಕೊಳ್ಳಿ, ನನ್ನ ಓಟು 'ಕ್ರೈಯಿನ್'ಗೆ, ಅದರ ಹೊಟ್ಟೆಯಲ್ಲಿ ಬ್ಲೂಸ್ ಇನ್ನೂ ಬದುಕಿದೆ.

1997ರ 'ನೈನ್ ಲೈವ್ಸ್' ಬಗ್ಗೆ ನಮಗೆ ಕುತೂಹಲ ಇರೋ ಸಂಗತಿ ಒಂದಿದೆ. ಮೊದಲು ಬಂದ ಮುಖಪುಟ ನಮ್ಮ ಕಾಳಿಂಗ ಮರ್ದನದ ಚಿತ್ರವನ್ನೇ ಎತ್ಕೊಂಡು ಕೃಷ್ಣನ ತಲೆ ಜಾಗದಲ್ಲಿ ಬೆಕ್ಕಿನ ತಲೆ ಇಟ್ಟಿದ್ದು. ಹಿಂದೂಗಳಿಂದ ವಿರೋಧ ಬಂತು, ಕ್ಷಮೆ ಕೇಳಿ ಮುಖಪುಟ ಬದಲಾಯಿಸಿದ್ರು, ಈಗ ಸಿಗೋದು ಬೇರೆ ಚಿತ್ರ. ಅದೇ ಆಲ್ಬಮ್ಮಲ್ಲಿ 'ಟೇಸ್ಟ್ ಆಫ್ ಇಂಡಿಯಾ' ಅಂತ ಹಾಡಿದೆ, ರಮೇಶ್ ಮಿಶ್ರಾ ಅವರ ಸಾರಂಗಿ ಇರೋದು, ಸಾಹಿತ್ಯ ಅಷ್ಟಕ್ಕಷ್ಟೇ ಆದ್ರೂ ಸಾರಂಗಿಗೋಸ್ಕರ ಒಂದು ಸಲ ಕೇಳಿ. ಇವರು 2007ರ ಜೂನ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಬಾರಿಸಿ ಹೋಗಿದಾರೆ.

ಇಷ್ಟಾದ್ಮೇಲೆ ಆ 1998ರ ಸಿನಿಮಾ ಹಾಡಿಗೆ ವಾಪಸ್ ಬನ್ನಿ, ಈಗ ಅದು ಬೇರೆ ತರ ಕೇಳುತ್ತೆ. ಬರೆದಿದ್ದು ಬ್ಯಾಂಡಿನವರಲ್ಲ, ಡಯಾನ್ ವಾರನ್. ಆರ್ಕೆಸ್ಟ್ರಾ ಇಡೀ ಜಾಗ ತುಂಬಿದೆ, ಎರಡು ಗಿಟಾರ್ ಎಲ್ಲಿ ಅಂತ ಹುಡುಕ್ಬೇಕು. ಹಾಗಿದ್ರೂ ಇಪ್ಪತ್ತೆಂಟು ವರ್ಷದ ಬ್ಯಾಂಡಿಗೆ ಸಿಂಗಲ್ಸ್ ಪಟ್ಟಿಯಲ್ಲಿ 1ನೇ ಸ್ಥಾನ ಕೊಟ್ಟಿದ್ದು ಇದೊಂದೇ, ಬಂದ ವಾರವೇ ಮೇಲೆ ಹೋಗಿ ನಾಲ್ಕು ವಾರ ಅಲ್ಲೇ ಕೂತಿತ್ತು. ಆ ದನಿ ಇಲ್ದೆ ಇನ್ಯಾರು ಹಾಡಿದ್ರೂ ಸಕ್ಕರೆ ಪಾಕ ಆಗ್ತಿತ್ತು. 2001ರ ಆಲ್ಬಮ್ಮಿಂದ 'ಜೇಡೆಡ್' ಒಂದು ಸಾಕು, ಅದೇ ವರ್ಷ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮಿಗೂ ಸೇರಿದ್ರು. 2004ರ 'ಹಾಂಕಿನ್ ಆನ್ ಬೋಬೋ' ಹಳೇ ಬ್ಲೂಸ್ ಹಾಡುಗಳ ಆಲ್ಬಮ್, ಮತ್ತೆ ಜ್ಯಾಕ್ ಡಗ್ಲಸ್ ಜೊತೆ, ಸದ್ದಿಗೆ ಆ ಒರಟು ವಾಪಸ್ ಬಂದಿದೆ, ಯಾಕೋ ಯಾರೂ ಇದರ ಬಗ್ಗೆ ಮಾತಾಡಲ್ಲ.

ಲೈವ್ ನೋಡ್ಬೇಕು ಅಂತ ಆಸೆ ಇದ್ರೆ ತಡ ಆಯ್ತು. ವಿದಾಯದ ಟೂರ್ 2023ರ ಸೆಪ್ಟೆಂಬರಲ್ಲಿ ಶುರುವಾಗಿ ಮೂರೇ ಶೋ ಆಗಿತ್ತು, ಟೈಲರ್ ಗಂಟಲಿಗೆ ಪೆಟ್ಟಾಯ್ತು, 2024ರ ಆಗಸ್ಟಲ್ಲಿ ಇನ್ನು ಟೂರ್ ಇಲ್ಲ ಅಂತ ಹೇಳಿಬಿಟ್ರು. ಹಾಗಾಗಿ 1978ರ 'ಲೈವ್ ಬೂಟ್‌ಲೆಗ್' ಹಾಕ್ಕೊಳ್ಳಿ. ಸದ್ದು ಬೇಕಂತಲೇ ಕಚ್ಚಾ ಆಗಿದೆ, ಕಳ್ಳ ರೆಕಾರ್ಡ್ ತರ ಕೇಳ್ಲಿ ಅಂತಾನೇ ಹಾಗೆ ಬಿಟ್ಟಿರೋದು, ಟೈಲರ್ ಅಲ್ಲಲ್ಲಿ ಪದ ನುಂಗ್ತಾನೆ, ಪರವಾಗಿಲ್ಲ. ಅದರಲ್ಲಿ ಎರಡು ಹಾಡು ಮಾತ್ರ 1973ರದ್ದು, ಬಾಸ್ಟನ್ನಿನ ಪಾಲ್ಸ್ ಮಾಲ್ ಅನ್ನೋ ಸಣ್ಣ ಕ್ಲಬ್ಬಲ್ಲಿ ರೇಡಿಯೋಗೆ ಅಂತ ಬಾರಿಸಿದ್ದು, ಒಂದು ಜೇಮ್ಸ್ ಬ್ರೌನ್ ಅವರ 'ಮದರ್ ಪಾಪ್‌ಕಾರ್ನ್'. ಇನ್ನೂ ಹೆಸರು ಮಾಡದ ಬಿಳಿ ಹುಡುಗರು ಫಂಕ್ ಬಾರಿಸ್ತಿದಾರೆ, ಕ್ರೇಮರ್ ಕೈ ಎಷ್ಟು ಸಡಿಲ ಕೇಳಿ. ಅದು ಮುಗೀತು ಅಂತ ಹಳೇ ರೆಕಾರ್ಡ್ ಸಿಕ್ಕಿರೋರು ಸೂಜಿ ಎತ್ತಬೇಡಿ, ಅದರ ಬೆನ್ನಿಗೇ ಮುಖಪುಟದಲ್ಲಿ ಹೆಸರೇ ಹಾಕದ 'ಡ್ರಾ ದ ಲೈನ್' ಬರುತ್ತೆ, ಸ್ಟುಡಿಯೋದಲ್ಲಿ ಆಗಿದ್ದಕ್ಕಿಂತ ಇದೇ ಚೆನ್ನಾಗಿದೆ.